ಸುಧಾ, ಮೊದಲು ಅಮ್ಮನನ್ನು ಕುರ್ಚಿಯಿಂದ ಎಬ್ಬಿಸು

ಸುಧಾ, ಗ್ರೂಪಿನಲ್ಲಿ ನಿನ್ನ ಮೆಸೇಜು ಈಗ ನೋಡಿದೆ. ಟೈಪ್ ಮಾಡುತ್ತಾ ಕೂತರೆ ನಾಳೆ ಬೆಳಗಾಗುತ್ತದೆ, ಮಾತಾಡಿಯೇ ಕಳಿಸುತ್ತೇನೆ. ಟಿವಿಯಲ್ಲಿ ಯಾವುದೋ ಹೊಸ ವೈರಸ್ ಸುದ್ದಿ ಬಂದಾಗಿನಿಂದ ಅಮ್ಮ ಗೇಟು ದಾಟುತ್ತಿಲ್ಲ, ತೆಂಗಿನಕಾಯಿಯನ್ನೂ ಸೋಪು ಹಾಕಿ ತೊಳೆಯುತ್ತಾಳೆ, ರಾತ್ರಿ ನಿದ್ದೆ ಇಲ್ಲ, ಏನು ಮಾಡಲಿ ಅಂತ ಕೇಳಿದ್ದೀಯಲ್ಲ. ನಿನ್ನಮ್ಮ ಲಕ್ಷ್ಮಿಗೆ ಸಣ್ಣಂದಿನಿಂದಲೂ ಹೆದರಿಕೆ ಜಾಸ್ತಿ. ಅದು ನಮ್ಮ ಅಜ್ಜಿ ಕಡೆಯಿಂದ ಬಂದದ್ದು, ಬಿಡು.

ದೊಡ್ಡಣ್ಣನದ್ದು ಏನಾಯ್ತು ಅಂತ ನಿಮಗೆಲ್ಲ ಗೊತ್ತುಂಟಲ್ಲ. ಆದರೂ ಇನ್ನೊಮ್ಮೆ ಕೇಳಿ. ಲಾಕ್‌ಡೌನಿಗೆ ಮೊದಲು ಅವನು ಹೇಗಿದ್ದ? ಬೆಳಗ್ಗೆ ತೋಟಕ್ಕೆ ಒಂದು ಸುತ್ತು, ಮತ್ತೆ ನಮ್ಮ ಕಾಸರಗೋಡು ಜಿಲ್ಲೆಯ ಪೈವಳಿಕೆ ಪೇಟೆ. ಹೋಟೆಲಿನಲ್ಲಿ ಪೇಪರು, ಅಡಿಕೆ ರೇಟು, ಯಾರದ್ದೋ ಮನೆಯ ಜಾಗದ ತಕರಾರು, ಎಲ್ಲ ಮುಗಿಸಿ ಊಟಕ್ಕೆ ಮನೆಗೆ. 2020 ರಲ್ಲಿ ಅರವತ್ತೈದು ದಾಟಿದವರು ಹೊರಗೆ ಬರಬೇಡಿ ಅಂದರು. ಸರಿ, ಕೂತ. ಆದರೆ ಊರೆಲ್ಲ ಹೊರಗೆ ಬಂದ ಮೇಲೂ ಇವನು ಏಳಲಿಲ್ಲ. ಜಗಲಿಯ ಈಸಿಚೇರು, ಎದುರಿಗೆ ಟಿವಿ. ಹಗಲು ತೂಕಡಿಕೆ, ರಾತ್ರಿಯಿಡೀ ಎಚ್ಚರ. ಹೊರಗೆ ಬಿಟ್ಟಿದ್ದ ಅವನ ಚಪ್ಪಲಿಯೊಳಗೆ ಕಣಜ ಮಣ್ಣಿನ ಗೂಡು ಕಟ್ಟಿತ್ತು, ನಾನೇ ಕೆತ್ತಿ ತೆಗೆದದ್ದು. ಕಾಲು ನೋಡಿದರೆ ಮೊಣಕಾಲಿನಿಂದ ಮೇಲೆ ಮಾಂಸವೇ ಇಲ್ಲ. ಒಂದು ದಿನ ಬಚ್ಚಲಿಗೆ ಹೋಗಲು ಎದ್ದವನು ಹೊಸ್ತಿಲಲ್ಲೇ ಬಿದ್ದ. ಸೊಂಟದ ಮೂಳೆ ಮುರಿಯಿತು. ಆಮೇಲೆ ಹಾಸಿಗೆ ಬಿಟ್ಟು ಏಳಲೇ ಇಲ್ಲ. ಕೊರೊನಾ ಟೆಸ್ಟು ಎಷ್ಟು ಸಲ ಮಾಡಿಸಿದರೂ ನೆಗೆಟಿವ್. ಆ ರೋಗ ಅವನನ್ನು ಮುಟ್ಟಲೇ ಇಲ್ಲ, ಗೊತ್ತಾಯ್ತಾ? ಅವನನ್ನು ತೆಗೆದದ್ದು ಕುರ್ಚಿ. ಲಕ್ಷ್ಮಿಯನ್ನು ಕುರ್ಚಿಯಲ್ಲಿ ಕೂರಲು ಬಿಡಬೇಡಿ.

ಅವನ ಹೆದರಿಕೆ ಸುಳ್ಳು ಅಂತ ನಾನು ಹೇಳುವುದಿಲ್ಲ. ಆ ಮೊದಲ ವರ್ಷದಲ್ಲೇ ಪ್ರಪಂಚದಲ್ಲಿ ಆತಂಕ, ಖಿನ್ನತೆ ಶೇಕಡಾ 25 ರಷ್ಟು ಜಾಸ್ತಿ ಆಯ್ತು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ನಮಗಂತೂ ಹೆದರಲು ಬೇರೆ ಕಾರಣವೂ ಇತ್ತು. ನಮಗೆ ರೇಷನ್ ಕಾರ್ಡು ಕೇರಳದ್ದು, ಡಾಕ್ಟರು ಮಂಗಳೂರಿನವರು. ಆ ಮಾರ್ಚಿನಲ್ಲಿ ಕರ್ನಾಟಕದವರು ಗಡಿ ರಸ್ತೆಗಳಿಗೆ ಲೋಡುಗಟ್ಟಲೆ ಮಣ್ಣು ಸುರಿದರಲ್ಲ! ತಲಪಾಡಿಯಲ್ಲಿ ಆಂಬುಲೆನ್ಸನ್ನೂ ವಾಪಸ್ ಕಳಿಸಿದರು. ಸಮಯಕ್ಕೆ ಚಿಕಿತ್ಸೆ ಸಿಗದೆ ಎಷ್ಟು ಜನ ಸತ್ತರು. ಕೇರಳ ಹೈಕೋರ್ಟು, ಸುಪ್ರೀಂ ಕೋರ್ಟು ಅಂತ ಹೋಗಿ, ಏಪ್ರಿಲಿನಲ್ಲಿ ತುರ್ತು ರೋಗಿಗಳಿಗೆ ದಾರಿ ಬಿಟ್ಟರು. ಅದೂ ಕೊರೊನಾ ಇಲ್ಲ ಅಂತ ಆದರೆ ಮಾತ್ರ. ಮರುವರ್ಷ ಪುನಃ ಕೊರೊನಾ ಇಲ್ಲ ಅನ್ನುವ ಆರ್‌ಟಿಪಿಸಿಆರ್ ರಿಪೋರ್ಟು ತನ್ನಿ ಅಂದರು. ಇಲ್ಲಿ ಬರುತ್ತಿದ್ದ ಸೂಚನೆಗಳೋ, ಹೆಚ್ಚಿನವು ಮಲಯಾಳದಲ್ಲಿ. ದೊಡ್ಡಣ್ಣ ನೋಟೀಸು ಹಿಡಿದುಕೊಂಡು ಪಕ್ಕದ ಮನೆಯ ಹುಡುಗ ಬಂದು ಓದುವವರೆಗೆ ಕಾಯಬೇಕಿತ್ತು. ಅತ್ತ ಬರಬೇಡಿ ಅನ್ನುವವರು, ಇತ್ತ ಅರ್ಥವಾಗದ್ದನ್ನು ಹೇಳುವವರು. ಮನುಷ್ಯ ಮೂಲೆ ಸೇರದೆ ಏನು ಮಾಡುತ್ತಾನೆ?

ಅದು ಹೋಗಲಿ, ಮನೆಯವರದ್ದು ಹೇಳಿದರೆ ಬೇಜಾರಾಗುತ್ತದೆ. ದಿನಾ ಬೆಳಗ್ಗೆ ಅವನಿಗೆ ಗುಲಾಬಿ ಹೂವಿನ ಗುಡ್ ಮಾರ್ನಿಂಗ್ ಕಳಿಸುತ್ತಿದ್ದವರು ಈ ಗ್ರೂಪಿನಲ್ಲೇ ಇದ್ದೀರಿ. ಹೆಸರು ಹೇಳುವುದಿಲ್ಲ. ಒಂದು ಫೋನು ಮಾಡಿ 'ಪೆರಿಯಪ್ಪಾ, ಅಡಿಕೆಯ ಕೊಳೆರೋಗಕ್ಕೆ ಮದ್ದು ಬಿಟ್ಟಾಯ್ತಾ' ಅಂತ ಕೇಳಿದವರು ಯಾರು? ಬೊಜ್ಜದ ದಿನ, ಅಂದರೆ ಅವನ ಉತ್ತರಕ್ರಿಯೆಯ ದಿನ ಮಾತ್ರ ಬೆಂಗಳೂರಿನಿಂದ ಎರಡು ಕಾರು ಬಂತು. ಪಾಯಸ ಚೆನ್ನಾಗಿತ್ತು ಅಂತ ಹೇಳಿ ಹೋದರು.

ಹಾಂ, ಸುಧಾ, ನೀನು ಕೇಳಿದ್ದು ಬೇರೆ ಅಲ್ವಾ. ತೆಂಗಿನಕಾಯಿ ತೊಳೆಯುವುದು ಸುಮ್ನೆ. ಕೊರೊನಾದಂಥ ರೋಗ ಮುಖ್ಯವಾಗಿ ಹರಡುವುದು ಉಸಿರಿನಿಂದ, ಗಾಳಿಯಿಂದ. ಕಿಟಕಿ ತೆಗೆದಿಡು. ಆಸ್ಪತ್ರೆಗೆ, ಮದುವೆ ಹಾಲಿಗೆ ಹೋಗುವಾಗ ಮಾಸ್ಕ್ ಹಾಕಲಿ. ತೋಟದಲ್ಲಿ ನಡೆಯಲು ಅದೂ ಬೇಡ. ಟಿವಿ ಸುದ್ದಿ ಸಂಜೆ ಒಂದು ಸಲ ಸಾಕು. ಬೆಳಗ್ಗೆ ಬಿಸಿಲು ಏರುವ ಮೊದಲು ನೀನೇ ಕೈಹಿಡಿದು ಅಂಗಳಕ್ಕೆ ಇಳಿಸು, ಬಿದ್ದ ಅಡಿಕೆ ಹೆಕ್ಕಲು ಹೇಳು. 'ವಾಕಿಂಗ್ ಹೋಗು' ಅಂದರೆ ಅವಳು ಹೋಗುವವಳಲ್ಲ, ಕೆಲಸ ಅಂದರೆ ಏಳುತ್ತಾಳೆ. ಕುರ್ಚಿಯಲ್ಲಿ ಮಾತ್ರ ಕೂರಲು ಬಿಡಬೇಡ, ಇನ್ನೊಮ್ಮೆ ಹೇಳಿದ್ದೇನೆ. ಜ್ವರ, ಏದುಸಿರು ಬಂದರೆ ಮನೆಮದ್ದು ಮಾಡುತ್ತಾ ಕೂರದೆ ಡಾಕ್ಟರಿಗೆ ತೋರಿಸು.

ನಿದ್ದೆ ಇಲ್ಲದ್ದು ಹೀಗೇ ಮುಂದುವರಿದರೆ ಟೆಲಿ ಮಾನಸ್ ಅಂತ ಮನಸ್ಸಿನ ತೊಂದರೆಗೆ ಸರಕಾರದ್ದೇ ಒಂದು ಸಹಾಯವಾಣಿ ಉಂಟು, ಫೋನ್ ಮಾಡು. ದುಡ್ಡಿಲ್ಲ, ರಾತ್ರಿ ಕೂಡ ಸಿಗುತ್ತದೆ, ಕನ್ನಡದಲ್ಲೂ ಮಾತಾಡಬಹುದು. ನಂಬರು 14416. ಬರೆದುಕೊಂಡ್ಯಾ? ಒಂದು, ನಾಲ್ಕು, ನಾಲ್ಕು, ಒಂದು, ಆರು. ಇಡುತ್ತೇನೆ, ಕರೆಂಟು ಬಂತು, ಪಂಪು ಹಾಕಬೇಕು.