ಪರದೆಯಲ್ಲಿ ‘ಆಕ್ಟಿವ್’, ಕೆಲಸ ಮಾತ್ರ ನಿಂತಿದೆ: ಎಐ ಏಜೆಂಟ್‌ಗಳ ಸ್ಥಿತಿಯನ್ನು ನೀವು ಹೇಗೆ ನೋಡಿಕೊಳ್ಳುತ್ತೀರಿ?

ಪ್ರಶ್ನೆ, ಬೆಳಗಾವಿಯ ಉದ್ಯಮಬಾಗದಿಂದ

ನಮ್ಮದು ಎರಕದ ಬಿಡಿಭಾಗಗಳಿಗೆ ಮಷೀನಿಂಗ್ ಮಾಡಿಕೊಡುವ ಸಣ್ಣ ಘಟಕ. ಕಚೇರಿಯ ಕಂಪ್ಯೂಟರಿನಲ್ಲೇ ಎನ್‌ಏಟ್‌ಎನ್ ಎಂಬ, ಕೆಲಸಗಳನ್ನು ಹಂತಹಂತವಾಗಿ ತಾನಾಗಿ ನಡೆಸುವ ತಂತ್ರಾಂಶದ ಹಳೆಯ ಆವೃತ್ತಿಯನ್ನು ಹಾಕಿಕೊಂಡು ಮೂರು ಏಜೆಂಟ್‌ಗಳನ್ನು ನಡೆಸುತ್ತಿದ್ದೇವೆ. ಒಂದು ಮೇಲ್‌ನಲ್ಲಿ ಬಂದ ವಿಚಾರಣೆಗಳನ್ನು ಓದಿ ದರಪಟ್ಟಿಯ ಕರಡು ಸಿದ್ಧಪಡಿಸುತ್ತದೆ, ಇನ್ನೊಂದು ಬಾಕಿ ಹಣಕ್ಕೆ ನೆನಪೋಲೆ ಕಳಿಸುತ್ತದೆ, ಮೂರನೆಯದು ಸರಕು ರವಾನೆಯ ಕಾಗದಗಳನ್ನು ಹೊಂದಿಸುತ್ತದೆ. ಕಳೆದ ತಿಂಗಳು ಎರಡು ದಿನ ಒಂದೂ ಕರಡು ಬರಲಿಲ್ಲ. ಪರದೆಯಲ್ಲಿ ಮಾತ್ರ ಮೂರೂ ‘ಆಕ್ಟಿವ್’ ಎಂದೇ ಇದ್ದವು. ಮುಂದಿನ ವಾರ ಹಳೆಯ ಗಿರಾಕಿಯೊಬ್ಬರಿಗೆ ಒಂದೇ ಬಿಲ್ಲಿನ ನೆನಪೋಲೆ ಎರಡು ಸಲ ಹೋಗಿ, ಅವರು ಫೋನ್ ಮಾಡಿ ಬೇಸರಪಟ್ಟುಕೊಂಡರು. ಯಾವ ಏಜೆಂಟ್ ಈಗ ಏನು ಮಾಡುತ್ತಿದೆ, ಎಲ್ಲಿ ನಿಂತಿದೆ ಎಂಬುದನ್ನು ನಂಬಿಕೊಳ್ಳುವಂತೆ ತಿಳಿಯುವ ಬಗೆ ಹೇಗೆ? ಇಂಥ ವ್ಯವಸ್ಥೆ ನಡೆಸುತ್ತಿರುವವರು ಅನುಭವ ಹೇಳಬೇಕೆಂದು ಕೋರುತ್ತೇನೆ.

ಇಳಕಲ್‌ನಿಂದ, ಸೀರೆ ಸಗಟು ವ್ಯಾಪಾರದ ಲೆಕ್ಕಪತ್ರ ನೋಡಿಕೊಳ್ಳುವವರು

ಮೊದಲು ಎರಡು ಸಂಗತಿಗಳನ್ನು ಬೇರೆ ಮಾಡಿಕೊಳ್ಳಿ. ‘ಆಕ್ಟಿವ್’ ಎಂಬುದು ವರ್ಕ್‌ಫ್ಲೋದ, ಅಂದರೆ ಹಂತಗಳನ್ನು ಜೋಡಿಸಿದ ಇಡೀ ಸರಣಿಯ, ಸ್ಥಿತಿ. ಹೊಸ ಕೆಲಸ ಬಂದರೆ ತೆಗೆದುಕೊಳ್ಳಲು ಅದು ಸಿದ್ಧವಿದೆ ಎಂದಷ್ಟೇ ಅದರ ಅರ್ಥ. ಅಂಗಡಿಯ ಬಾಗಿಲು ತೆರೆದಿದೆ ಎಂದರೆ ಬೋಣಿಗೆ ಆಗಿದೆ ಎಂದಲ್ಲವಲ್ಲ. ಒಂದೊಂದು ಕೆಲಸದ ಸ್ಥಿತಿ ‘ಎಕ್ಸಿಕ್ಯೂಶನ್ಸ್’ ಪಟ್ಟಿಯಲ್ಲಿ ಇರುತ್ತದೆ: ನಡೆಯುತ್ತಿದೆ, ಕಾಯುತ್ತಿದೆ, ಯಶಸ್ವಿ, ದೋಷ. ನಿಮ್ಮ ಎರಡು ದಿನಗಳ ಪಟ್ಟಿಯಲ್ಲಿ ಏನೂ ಇಲ್ಲದಿದ್ದರೆ ಏಜೆಂಟ್ ಸೋತಿಲ್ಲ, ಅದರ ಬಳಿಗೆ ಕೆಲಸವೇ ಬಂದಿಲ್ಲ.

ನಮ್ಮಲ್ಲಿಯೂ ಹೀಗೇ ಆಗಿತ್ತು, ಕಾರಣ ನಮ್ಮದೇ ಅಜಾಗರೂಕತೆ. ಜಿಮೇಲ್ ಜೋಡಿಸಲು ಗೂಗಲ್ ಕ್ಲೌಡ್‌ನಲ್ಲಿ ಮಾಡಿಕೊಂಡ ಪ್ರಾಜೆಕ್ಟನ್ನು ‘ಟೆಸ್ಟಿಂಗ್’ ಹಂತದಲ್ಲಿಯೇ ಬಿಟ್ಟಿದ್ದೆವು. ಆ ಹಂತದಲ್ಲಿ ಹೊರಗಿನ ಬಳಕೆದಾರರಿಗೆ ಕೊಟ್ಟ ಮೇಲ್ ಓದುವ ಅನುಮತಿ 7 ದಿನಗಳಿಗೆ ಮುಗಿದುಹೋಗುತ್ತದೆ. ವಾರಕ್ಕೊಮ್ಮೆ ಮೇಲ್ ನಿಲ್ಲುವುದು, ಯಾರೋ ಮತ್ತೆ ಲಾಗಿನ್ ಮಾಡುವುದು, ಎಲ್ಲ ಸರಿಯಾಯಿತು ಎಂದುಕೊಳ್ಳುವುದು ಎರಡು ತಿಂಗಳು ನಡೆಯಿತು.

ಇದಕ್ಕಿಂತ ಅಪಾಯಕಾರಿಯಾದದ್ದು ‘ಯಶಸ್ವಿ’ ಎಂಬ ಹಸಿರು ಗುರುತು. ಯಾವ ಹಂತವೂ ದೋಷ ಎಸೆಯದೆ ಕೊನೆ ಮುಟ್ಟಿತು ಎಂದು ಅದು ಹೇಳುತ್ತದೆಯೇ ಹೊರತು ಕೆಲಸ ಆಯಿತೆಂದು ಹೇಳುವುದಿಲ್ಲ. ಏಜೆಂಟ್‌ನೊಳಗೆ ಪಠ್ಯ ಬರೆಯುವ ಎಐ, ಅಂದರೆ ಭಾಷಾ ಮಾದರಿಯು, ಸಂದೇಶ ಕಳಿಸುವ ಉಪಕರಣವನ್ನು ಕರೆಯದೆಯೇ ‘ಸಂದೇಶ ಕಳಿಸಿದ್ದೇನೆ’ ಎಂದು ಸೊಗಸಾಗಿ ಬರೆದುಬಿಡಬಲ್ಲದು. ಏಜೆಂಟ್ ಎಷ್ಟು ಸುತ್ತು ಯೋಚಿಸಬಹುದು ಎಂಬುದಕ್ಕೆ ಒಂದು ಮಿತಿ ಇರುತ್ತದೆ, ಎನ್‌ಏಟ್‌ಎನ್‌ನಲ್ಲಿ ನಾವು ಬದಲಿಸದಿದ್ದರೆ ಅದು 10. ಆ ಮಿತಿ ಮುಟ್ಟಿ ನಿಂತಾಗ ಬಂದ ಇಂಗ್ಲಿಷ್ ವಾಕ್ಯವನ್ನೇ ನಮ್ಮ ವರ್ಕ್‌ಫ್ಲೋ ಉತ್ತರವೆಂದು ತಿಳಿದು ಗುಳೇದಗುಡ್ಡದ ಒಬ್ಬ ವ್ಯಾಪಾರಿಗೆ ಮೇಲ್ ಮಾಡಿತ್ತು. ಅಂದಿನಿಂದ ಏಜೆಂಟ್ ತನ್ನ ಬಗ್ಗೆ ತಾನೇ ಹೇಳಿಕೊಂಡದ್ದನ್ನು ನಾವು ಸ್ಥಿತಿ ಎಂದು ದಾಖಲಿಸುವುದಿಲ್ಲ. ಕಳಿಸಿದ ಮೇಲ್‌ನ ಗುರುತು ಸಂಖ್ಯೆ ಕೈಗೆ ಬಂದರೆ ಮಾತ್ರ ‘ಮುಗಿದಿದೆ’ ಎಂದು ಬರೆಯುತ್ತೇವೆ. ಅದನ್ನು ಬರೆಯುವುದೂ ಏಜೆಂಟ್ ಅಲ್ಲ, ಅದರ ನಂತರದ ಸಾಧಾರಣ ಹಂತ.

ವಿಜಯಪುರದಿಂದ, ಒಣದ್ರಾಕ್ಷಿ ಶೈತ್ಯಾಗಾರದ ಕಂಪ್ಯೂಟರ್ ವ್ಯವಸ್ಥೆ ನೋಡಿಕೊಳ್ಳುವವರು

ಮೇಲಿನವರ ಮಾತಿಗೆ ನನ್ನ ಪೂರ್ಣ ಒಪ್ಪಿಗೆಯಿದೆ. ಎರಡು ಸಲ ಹೋದ ನೆನಪೋಲೆಯ ಬಗ್ಗೆ ನಾನು ಹೇಳುತ್ತೇನೆ, ಏಕೆಂದರೆ ಆ ಪೆಟ್ಟು ನಮಗೂ ಬಿದ್ದಿದೆ.

ದ್ರಾಕ್ಷಿ ಕೊಯ್ಲು ಮುಗಿದು ಒಣದ್ರಾಕ್ಷಿಯ ಪೆಟ್ಟಿಗೆಗಳು ಒಳಗೆ ಬರುವ ದಿನಗಳಲ್ಲಿ ರೈತರಿಗೆ ದಾಸ್ತಾನು ರಸೀದಿ, ಬಾಡಿಗೆಯ ಲೆಕ್ಕ ಕಳಿಸುವುದು ಏಜೆಂಟ್‌ನ ಕೆಲಸ. ಬೇಸಿಗೆಯಲ್ಲಿ ಕರೆಂಟು ಹೋಗುವುದು ಹೊಸತಲ್ಲ. ಶೀತಲ ಕೋಣೆಗಳಿಗೆ ಜನರೇಟರ್ ಇತ್ತು. ಕಚೇರಿಯ ಕಂಪ್ಯೂಟರಿಗೆ ಇದ್ದದ್ದು ಮುದಿ ಯುಪಿಎಸ್ ಒಂದೇ. ನಮ್ಮ ಸ್ವಂತ ಕೋಷ್ಟಕದಲ್ಲಿ ‘ನಡೆಯುತ್ತಿದೆ’ ಎಂದು ಬರೆದುಕೊಂಡ ಕೆಲಸ ನಡುವೆಯೇ ಸತ್ತರೆ ಆ ಪದವನ್ನು ಅಳಿಸುವವರು ಯಾರೂ ಇರುತ್ತಿರಲಿಲ್ಲ. ಬೆಳಿಗ್ಗೆ ಬಂದ ಹುಡುಗ ಅದನ್ನು ನೋಡಿ ಮತ್ತೆ ಚಾಲೂ ಮಾಡುತ್ತಿದ್ದ. ರಾತ್ರಿ ಸಂದೇಶ ಹೋಗಿಯೇ ಕರೆಂಟು ಹೋಗಿತ್ತೋ, ಹೋಗುವ ಮೊದಲೋ ಎಂಬುದು ಯಾರಿಗೂ ಗೊತ್ತಿರುತ್ತಿರಲಿಲ್ಲ.

ಈಗ ‘ನಡೆಯುತ್ತಿದೆ’ ಎಂಬ ಪದವನ್ನು ನಾವು ಒಂಟಿಯಾಗಿ ಬರೆಯುವುದಿಲ್ಲ. ಅದರ ಪಕ್ಕದಲ್ಲಿ ಕೊನೆಯ ನಾಡಿಮಿಡಿತದ ಸಮಯ ಇರಲೇಬೇಕು, ಅಂದರೆ ಪ್ರತಿ ಹಂತ ಮುಗಿದಾಗ ವರ್ಕ್‌ಫ್ಲೋ ಆ ಸಾಲಿನಲ್ಲಿ ಹೊತ್ತನ್ನು ನಮೂದಿಸುತ್ತದೆ. ಹತ್ತು ನಿಮಿಷ ನಾಡಿ ಇಲ್ಲವೆಂದರೆ ಬೇರೊಂದು ಚಿಕ್ಕ ವರ್ಕ್‌ಫ್ಲೋ ಅದನ್ನು ‘ಕೈಬಿಟ್ಟುಹೋಗಿದೆ’ ಎಂದು ಬದಲಿಸುತ್ತದೆ. ಈ ಅವಧಿ ನಮ್ಮ ಕೆಲಸಕ್ಕೆ ಹೊಂದಿದ್ದು. ದೊಡ್ಡ ಡ್ರಾಯಿಂಗ್ ಓದುವ ನಿಮ್ಮ ಏಜೆಂಟ್‌ಗೆ ಒಂದೇ ಹಂತ ಹೆಚ್ಚು ಹೊತ್ತು ಹಿಡಿಯಬಹುದು.

ಕೈಬಿಟ್ಟ ಕೆಲಸವನ್ನು ಕಣ್ಣುಮುಚ್ಚಿ ಮತ್ತೆ ಓಡಿಸಬೇಡಿ. ಹೊರಗೆ ಕಳಿಸುವ ಕ್ರಿಯೆಗೆ ಮೊದಲು ‘ಕಳಿಸಲು ಹೊರಟಿದ್ದೇನೆ’ ಎಂದೂ, ಕಳಿಸಿದ ಮೇಲೆ ರಸೀದಿ ಸಂಖ್ಯೆಯೊಂದಿಗೆ ‘ಕಳಿಸಿದೆ’ ಎಂದೂ ಎರಡು ಸಲ ಬರೆಸುತ್ತೇವೆ. ಮೊದಲನೆಯದಕ್ಕೂ ಮುಂಚೆ ಸತ್ತಿದ್ದರೆ ಮತ್ತೆ ಓಡಿಸಲು ಅಡ್ಡಿಯಿಲ್ಲ. ಎರಡರ ನಡುವೆ ಸತ್ತಿದ್ದರೆ ಅದು ಮನುಷ್ಯನೇ ನೋಡಬೇಕಾದ ಕೆಲಸ, ಯಂತ್ರ ಅಲ್ಲಿ ಊಹಿಸಬಾರದು. ಇದರ ಮೇಲೆ ಇನ್ನೊಂದು ಬೀಗವಿದೆ: ಬಿಲ್ ಸಂಖ್ಯೆ ಮತ್ತು ಎಷ್ಟನೆಯ ನೆನಪೋಲೆ ಎಂಬುದನ್ನು ಜೋಡಿಸಿ ಒಂದು ಕೀಲಿ ಮಾಡಿ, ಆ ಕೀಲಿ ಎರಡನೆಯ ಸಲ ಬರಕೂಡದೆಂದು ಪೋಸ್ಟ್‌ಗ್ರೆಸ್ ಎಂಬ ದತ್ತಾಂಶ ಸಂಗ್ರಹ ತಂತ್ರಾಂಶದ ಕೋಷ್ಟಕದಲ್ಲಿಯೇ ಯೂನಿಕ್ ನಿರ್ಬಂಧ ಹಾಕಿದ್ದೇವೆ. ಕಳಿಸುವ ಮೊದಲು ಆ ಸಾಲು ಬರೆಯಬೇಕು. ಸಾಲು ನಿರಾಕರಣೆಯಾದರೆ ಸಂದೇಶವೂ ಹೋಗುವುದಿಲ್ಲ. ಎರಡು ಏಜೆಂಟ್‌ಗಳು ಒಂದೇ ಸರದಿಯಿಂದ ಕೆಲಸ ಎತ್ತುವಂತಿದ್ದರೆ ಪೋಸ್ಟ್‌ಗ್ರೆಸ್‌ನ ‘ಸ್ಕಿಪ್ ಲಾಕ್ಡ್’ ಸೌಲಭ್ಯ ಬಳಸಿ; ಒಂದು ಹಿಡಿದುಕೊಂಡ ಸಾಲನ್ನು ಇನ್ನೊಂದು ದಾಟಿ ಮುಂದೆ ಹೋಗುತ್ತದೆ. 2016ರಲ್ಲಿ ಬಂದ 9.5 ಆವೃತ್ತಿಯಿಂದಲೂ ಅದು ಇದೆ.

ಸ್ವಂತ ಕೋಷ್ಟಕವೇಕೆ, ತಂತ್ರಾಂಶದ ಪಟ್ಟಿ ಸಾಲದೇ ಎಂದು ನೀವು ಕೇಳಬಹುದು. ಎನ್‌ಏಟ್‌ಎನ್‌ನಲ್ಲಿ ಹಳೆಯ ಎಕ್ಸಿಕ್ಯೂಶನ್‌ಗಳನ್ನು ಅಳಿಸುವ ಅವಧಿ, ನಾವು ಬದಲಿಸದಿದ್ದರೆ, 336 ಗಂಟೆ, ಅಂದರೆ 14 ದಿನ. ಬಾಡಿಗೆಯ ತಕರಾರು ತೆಗೆದು ರೈತರು ಬರುವುದು ತಿಂಗಳುಗಳ ನಂತರ.

ಜಮಖಂಡಿಯಿಂದ

ಒಂದೇ ಮಾತು ಸೇರಿಸುತ್ತೇನೆ. ಸಮಯವಲಯ ಪರೀಕ್ಷಿಸಿ. ಸ್ವಂತ ಕಂಪ್ಯೂಟರಿನಲ್ಲಿ ಹಾಕಿಕೊಂಡ ಎನ್‌ಏಟ್‌ಎನ್ ಮೊದಲಿಗೆ ನ್ಯೂಯಾರ್ಕ್ ಸಮಯ ಹಿಡಿದಿರುತ್ತದೆ. ಬೆಳಿಗ್ಗೆ 9ಕ್ಕೆ ಇಟ್ಟ ಕೆಲಸ ನಮ್ಮ ಗಡಿಯಾರದಲ್ಲಿ ಸಂಜೆ 6.30ಕ್ಕೋ, ಅಲ್ಲಿಯ ಚಳಿಗಾಲವಾದರೆ 7.30ಕ್ಕೋ ನಡೆಯುತ್ತದೆ. ಭಾರತದ ಸಮಯಕ್ಕೆ, ಅಂದರೆ ‘ಏಷಿಯಾ ಕೋಲ್ಕತಾ’ ಎಂದು ಬದಲಿಸುವವರೆಗೆ ನಾನು ಏಜೆಂಟ್ ಕೆಟ್ಟಿದೆ ಎಂದೇ ನಂಬಿದ್ದೆ.

ಬೆಳಗಾವಿಯ ಟಿಳಕವಾಡಿಯಿಂದ, ಸಣ್ಣ ಕಚೇರಿಗಳಿಗೆ ಇಂಥ ವ್ಯವಸ್ಥೆ ಕಟ್ಟಿಕೊಡುವವರು

ವಿಜಯಪುರದವರ ವಿಧಾನ ಗಟ್ಟಿಯಾದದ್ದು. ಆದರೆ ಅದನ್ನು ಓದಿ ಹುರುಪಿನಿಂದ ಹದಿನೈದು ಸ್ಥಿತಿಗಳನ್ನು ಮಾಡಬೇಡಿ ಎಂದು ಎಚ್ಚರಿಸಬೇಕೆನಿಸುತ್ತದೆ. ನಾನು ಒಮ್ಮೆ ಹದಿನಾಲ್ಕು ಬಣ್ಣಗಳ ಫಲಕ ಮಾಡಿಕೊಟ್ಟಿದ್ದೆ. ಮೂರನೆಯ ವಾರದಿಂದ ಅದನ್ನು ಯಾರೂ ತೆರೆಯಲಿಲ್ಲ. ಸರದಿಯಲ್ಲಿದೆ, ನಡೆಯುತ್ತಿದೆ, ಒಪ್ಪಿಗೆಗೆ ಕಾದಿದೆ, ಮುಗಿದಿದೆ, ಕೈ ಹಾಕಬೇಕಾಗಿದೆ ಎಂಬ ಐದು ಸಾಕು. ಉಳಿದ ಸೂಕ್ಷ್ಮಗಳನ್ನು ಷರಾ ಎಂಬ ಅಂಕಣಕ್ಕೆ ಬಿಡಿ.

ಈ ಐದರಲ್ಲಿ ಹೆಚ್ಚು ಕೆಲಸ ಕೊಳೆಯುವುದು ‘ಒಪ್ಪಿಗೆಗೆ ಕಾದಿದೆ’ ಎಂಬಲ್ಲಿ. ಯಂತ್ರಕ್ಕೆ ಅದು ದೋಷವಲ್ಲ, ಆದ್ದರಿಂದ ಎಚ್ಚರಿಕೆ ಬರುವುದಿಲ್ಲ. ಮನುಷ್ಯನಿಗೆ ಅದು ತನ್ನ ಕೆಲಸವೆಂದು ಗೊತ್ತಿರುವುದಿಲ್ಲ. ಯಾರ ಒಪ್ಪಿಗೆ, ಎಷ್ಟು ಹೊತ್ತಿನೊಳಗೆ, ಮೀರಿದರೆ ಯಾರಿಗೆ ಎಂಬ ಮೂರೂ ತುಂಬದೆ ಆ ಸ್ಥಿತಿಗೆ ಹೋಗಲು ನಾನು ಬಿಡುವುದಿಲ್ಲ. ದರಪಟ್ಟಿಯ ವಿಷಯದಲ್ಲಂತೂ ಅವಧಿ ಮೀರಿದರೆ ತಾನಾಗಿ ಒಪ್ಪಿಗೆಯಾಯಿತೆಂದು ಎಂದಿಗೂ ಇಡಬೇಡಿ.

ನಿಲ್ಲಿಸುವುದರಲ್ಲಿಯೂ ಎರಡು ಬಗೆಯಿದೆ. ‘ಆಕ್ಟಿವ್’ ಸ್ವಿಚ್ ಆಫ್ ಮಾಡಿದರೆ ಹೊಸ ಕೆಲಸ ಬರುವುದು ನಿಲ್ಲುತ್ತದೆ. ಆಗಲೇ ಓಡುತ್ತಿರುವುದು ಓಡುತ್ತಲೇ ಇರುತ್ತದೆ, ಅದನ್ನು ಪಟ್ಟಿಯಲ್ಲಿ ಪ್ರತ್ಯೇಕವಾಗಿ ನಿಲ್ಲಿಸಬೇಕು. ದೋಷ ಬಂದಾಗ ತಿಳಿಸುವ ‘ಎರರ್ ವರ್ಕ್‌ಫ್ಲೋ’ವನ್ನು ಜೋಡಿಸಿ, ಆದರೆ ಕೈಯಿಂದ ಓಡಿಸಿ ನೋಡುವಾಗ ಅದು ಎದ್ದು ಬರುವುದಿಲ್ಲ ಎಂಬುದು ನೆನಪಿರಲಿ, ಅನೇಕರು ಹಾಗೆ ಪರೀಕ್ಷಿಸಿ ಅದು ಕೆಲಸ ಮಾಡುತ್ತಿಲ್ಲವೆಂದು ಕಿತ್ತುಹಾಕುತ್ತಾರೆ. ಮತ್ತು ಕಂಪ್ಯೂಟರೇ ಆರಿಹೋದರೆ ಅದೇ ಕಂಪ್ಯೂಟರಿನಲ್ಲಿರುವ ಎಚ್ಚರಿಕೆ ಏನು ಹೇಳೀತು? ಪ್ರತಿ ಹದಿನೈದು ನಿಮಿಷಕ್ಕೆ ಹೊರಗಿನ ಒಂದು ಸೇವೆಗೆ ‘ಇದ್ದೇನೆ’ ಎಂದು ಕರೆ ಹೋಗುವಂತೆ ಮಾಡಿ. ಆ ಕರೆ ತಪ್ಪಿದಾಗ ಆ ಸೇವೆಯೇ ನಿಮ್ಮ ಫೋನಿಗೆ ತಿಳಿಸಲಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ನೋಡಿದೆವು: ಗೂಗಲ್ ಪ್ರಾಜೆಕ್ಟ್ ಇಳಕಲ್‌ನವರು ಹೇಳಿದಂತೆ ‘ಟೆಸ್ಟಿಂಗ್’ನಲ್ಲಿಯೇ ಇತ್ತು. ನೆನಪೋಲೆ ಎರಡು ಸಲ ಹೋದದ್ದಕ್ಕೆ ಕರೆಂಟು ಕಾರಣವಲ್ಲ. ಸರಿಯಾಗಿದೆಯೇ ನೋಡೋಣವೆಂದು ನಾನೇ ಕೈಯಿಂದ ಓಡಿಸಿದ್ದೆ, ಅದರ ಹಿಂದೆಯೇ ವೇಳಾಪಟ್ಟಿಯ ಪ್ರಕಾರವೂ ಓಡಿತ್ತು. ಬಿಲ್ ಸಂಖ್ಯೆಯ ಕೀಲಿಯನ್ನು ನಿನ್ನೆಯಿಂದ ಹಾಕಿದ್ದೇವೆ, ನಾನು ಬೇಕೆಂದೇ ಎರಡು ಸಲ ಓಡಿಸಿದಾಗ ಎರಡನೆಯದು ನಿರಾಕರಣೆಯಾಯಿತು. ದರಪಟ್ಟಿಯ ಒಪ್ಪಿಗೆಗೆ ನಾಲ್ಕು ಗಂಟೆ ಇಟ್ಟು, ಘಟಕದ ವಾರದ ರಜೆಯ ದಿನವನ್ನು ಆ ಲೆಕ್ಕದಿಂದ ಬಿಟ್ಟಿದ್ದೇವೆ. ಇಲ್ಲವಾದರೆ ರಜೆ ಮುಗಿಸಿ ಬಂದ ದಿನ ಎಲ್ಲ ಕರಡುಗಳೂ ಅವಧಿ ಮೀರಿದವೆಂದೇ ಕಾಣಿಸುತ್ತಿದ್ದವು.