ಟೆಸ್ಟೋಸ್ಟೆರಾನ್ ಇಂಜೆಕ್ಷನ್ ನಡೆಯುತ್ತಿದೆ, ಟಿ4 ಕಡಿಮೆ, ಟಿಎಸ್‌ಎಚ್ 6.1: ಥೈರಾಯ್ಡ್ ಮಾತ್ರೆ ಶುರು ಮಾಡಲೇ?

ದಾವಣಗೆರೆ ಮೇಷ್ಟ್ರು (ಜೂನ್ 9)

ಎಲ್ಲರಿಗೂ ನಮಸ್ಕಾರ. ವಯಸ್ಸು 41, ತೂಕ 72 ಕೆ.ಜಿ., ಪ್ರೌಢಶಾಲೆಯಲ್ಲಿ ಗಣಿತ ಪಾಠ ಮಾಡುತ್ತೇನೆ. ಹತ್ತೊಂಬತ್ತನೇ ವಯಸ್ಸಿನಲ್ಲಿ ಮಂಗನಬಾವು ಬಂದಿತ್ತು, ಬಾವು ವೃಷಣಗಳಿಗೂ ಇಳಿದಿತ್ತು. ಅದು ಏನು ಮಾಡಿ ಹೋಗಿದೆ ಎಂಬುದು ತಿಳಿದದ್ದು ಮದುವೆಯಾಗಿ ಎಷ್ಟೋ ವರ್ಷದ ಮೇಲೆ. ಎರಡು ವರ್ಷಗಳಿಂದ ಟೆಸ್ಟೋಸ್ಟೆರಾನ್ ಎನಾಂಥೇಟ್ 250 ಮಿಲಿಗ್ರಾಂ ಇಂಜೆಕ್ಷನ್ ಅನ್ನು ಮೂರು ವಾರಕ್ಕೊಮ್ಮೆ ತೆಗೆದುಕೊಳ್ಳುತ್ತಿದ್ದೇನೆ.

ಕಳೆದ ನಾಲ್ಕು ತಿಂಗಳಿಂದ ಸುಸ್ತು, ಚಳಿ ತಡೆಯುವುದಿಲ್ಲ, ಮೂರು ಕೆ.ಜಿ. ತೂಕ ಏರಿದೆ, ಕೂದಲು ಉದುರುತ್ತಿದೆ. ಮೊನ್ನೆ ರಕ್ತ ಕೊಟ್ಟು ಬಂದೆ. ವರದಿ ಹೀಗಿದೆ:

ಒಟ್ಟು ಟೆಸ್ಟೋಸ್ಟೆರಾನ್ 1180 (ಮಿತಿ 264–916)
ಹೆಮೊಗ್ಲೋಬಿನ್ 17.4, ಪಿಸಿವಿ (ರಕ್ತದಲ್ಲಿ ಕೆಂಪುಕಣಗಳ ಶೇಕಡಾ ಪಾಲು) 52.8
ಟಿ3 74 (80–200)
ಟಿ4 4.5 (5.1–14.1)
ಟಿಎಸ್‌ಎಚ್ 6.1 (0.4–4.5)

ಪರಿಚಯದ ವೈದ್ಯರೊಬ್ಬರು ವರದಿಯನ್ನು ಮೊಬೈಲಿನಲ್ಲಿ ನೋಡಿ, 'ಥೈರಾಯ್ಡ್ ಕೈಕೊಟ್ಟಿದೆ, ನಾಳೆಯಿಂದಲೇ 100 ಮೈಕ್ರೋಗ್ರಾಂ ಮಾತ್ರೆ ಶುರು ಮಾಡಿ, ಇಂಜೆಕ್ಷನ್ ಅರ್ಧ ಮಾಡಿ' ಎಂದರು. ಥೈರಾಯ್ಡ್‌ನ ಹಾರ್ಮೋನ್‌ಗಳಾದ ಟಿ3, ಟಿ4 ಕಡಿಮೆ, ಅದಕ್ಕೆ ಕೆಲಸ ಮಾಡೆಂದು ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ಕೊಡುವ ಆಜ್ಞೆಯಾದ ಟಿಎಸ್‌ಎಚ್ ಹೆಚ್ಚು; ಮೂರೂ ಥೈರಾಯ್ಡ್ ಸಂಖ್ಯೆಗಳು ಒಂದೇ ಕಡೆಗೆ ಕೈ ತೋರಿಸುತ್ತಿರುವಾಗ ಅನುಮಾನವೇಕೆ ಎಂದು ನನಗೂ ಅನಿಸುತ್ತದೆ. ಆದರೂ ಜೀವನಪೂರ್ತಿ ನುಂಗುವ ಮಾತ್ರೆ ಎನ್ನುತ್ತಾರೆ, ಕೇಳಿಯೇ ಬಿಡೋಣ ಎಂದು ಬರೆದೆ.

ಹಳೇ ಲ್ಯಾಬಿನವ (ಜೂನ್ 9)

ಮೇಷ್ಟ್ರೇ, ಮೂವತ್ತು ವರ್ಷ ಶಿವಮೊಗ್ಗದಲ್ಲಿ ರಕ್ತದ ಟ್ಯೂಬುಗಳ ನಡುವೆಯೇ ಕಳೆದವನು ನಾನು. ವೈದ್ಯನಲ್ಲ. ಮಾತ್ರೆ ಬೇಕು ಬೇಡ ಎಂದು ಹೇಳುವ ಅಧಿಕಾರ ನನಗಿಲ್ಲ, ಸಂಖ್ಯೆ ಎಲ್ಲಿಂದ ಬಂತು ಎಂದು ಕೇಳುವ ಚಟ ಮಾತ್ರ ಇದೆ. ಮೂರು ಪ್ರಶ್ನೆಗಳಿಗೆ ಉತ್ತರ ಕೊಡಿ.

ಒಂದು, ಇಂಜೆಕ್ಷನ್ ಆದ ಎಷ್ಟನೇ ದಿನ, ಎಷ್ಟು ಗಂಟೆಗೆ ರಕ್ತ ಕೊಟ್ಟಿರಿ? ಎರಡು, ವರದಿಯಲ್ಲಿ ಟಿ4 ಎಂದಿದೆಯೋ ಎಫ್‌ಟಿ4 (ಬಿಡಿ ಟಿ4) ಎಂದಿದೆಯೋ? ಮೂರು, ಇಂಜೆಕ್ಷನ್ ಆರಂಭಿಸುವ ಮೊದಲು ಎಲ್‌ಎಚ್ (ವೃಷಣಕ್ಕೆ ಪಿಟ್ಯುಟರಿ ಕಳಿಸುವ ಆಜ್ಞೆ) ನೋಡಿದ್ದರೇ, ಎಷ್ಟಿತ್ತು?

ದಾವಣಗೆರೆ ಮೇಷ್ಟ್ರು (ಜೂನ್ 9)

ಜೂನ್ 3ರಂದು ಇಂಜೆಕ್ಷನ್, 6ರಂದು ಸಂಜೆ ನಾಲ್ಕಕ್ಕೆ ರಕ್ತ. ಶಾಲೆಯಲ್ಲಿ ದಾಖಲಾತಿಯ ಗದ್ದಲ, ಬೆಳಗ್ಗೆ ಬಿಡುವಿರಲಿಲ್ಲ. ಬರೀ ಟಿ4 ಎಂದೇ ಇದೆ, ಮೂರೂ ಸೇರಿದ ಪ್ಯಾಕೇಜು. ಹಳೆಯ ಕಡತ ಹುಡುಕಿದೆ: ಎಲ್‌ಎಚ್ 24, ಆಗ ಟೆಸ್ಟೋಸ್ಟೆರಾನ್ 170.

ಹಳೇ ಲ್ಯಾಬಿನವ (ಜೂನ್ 10)

ಈಗ ವರದಿ ಬೇರೆಯೇ ಕಾಣುತ್ತದೆ.

ಮೊದಲು 1180. ಎನಾಂಥೇಟ್ ಚುಚ್ಚಿದ ಮೊದಲ ಎರಡು ಮೂರು ದಿನಗಳಲ್ಲಿ ಮಟ್ಟ ಶಿಖರಕ್ಕೆ ಏರಿ, ಆಮೇಲೆ ಇಳಿಯುತ್ತಾ ಹೋಗುತ್ತದೆ. ನೀವು ಅಳೆದದ್ದು ಶಿಖರವನ್ನು. ಈ ಮದ್ದಿಗೆ ಎರಡು ಇಂಜೆಕ್ಷನ್‌ಗಳ ನಡುಮಧ್ಯದಲ್ಲಿ ಅಳೆಯುವುದು ಪದ್ಧತಿ. ಆಗ ಸುಮಾರು 350ರಿಂದ 600ರೊಳಗೆ ಇದ್ದರೆ ಸಾಕೆಂಬುದು ಹಾರ್ಮೋನ್ ತಜ್ಞರ ಲೆಕ್ಕ. ಹತ್ತು ವಾರಕ್ಕೂ ಮೇಲ್ಪಟ್ಟು ಕೆಲಸ ಮಾಡುವ ಅನ್‌ಡೆಕನೋಯೇಟ್ ಇಂಜೆಕ್ಷನ್ ಆದರೆ ಮುಂದಿನದಕ್ಕೆ ಸ್ವಲ್ಪ ಮೊದಲು ಅಳೆಯುತ್ತಾರೆ. ಮೂರನೇ ದಿನದ ಸಂಖ್ಯೆ ನೋಡಿ ಡೋಸ್ ಅರ್ಧ ಮಾಡುವುದೆಂದರೆ, ಸಂಬಳ ಬಂದ ದಿನ ಪಾಸ್‌ಬುಕ್ ನೋಡಿ ಶ್ರೀಮಂತ ಎಂದು ತೀರ್ಮಾನಿಸಿದಂತೆ. ತಿಂಗಳ ಕೊನೆಯ ಬಡತನ ಆ ಪುಟದಲ್ಲಿ ಇರುವುದಿಲ್ಲ. ಸುಸ್ತು ಮೂರನೇ ವಾರದಲ್ಲಿ ಹೆಚ್ಚೇ ಎಂದು ಗಮನಿಸಿ.

ಇನ್ನು ಟಿ3, ಟಿ4. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ರಕ್ತದಲ್ಲಿರುವ ಟಿ4ನಲ್ಲಿ ನೂರಕ್ಕೆ 99.9 ಭಾಗಕ್ಕಿಂತ ಹೆಚ್ಚು ಪ್ರೋಟೀನ್‌ಗಳಿಗೆ ಅಂಟಿಕೊಂಡು ಓಡಾಡುತ್ತದೆ. ಅವುಗಳಲ್ಲಿ ಮುಖ್ಯವಾದದ್ದು ಟಿಬಿಜಿ. ಟಿಬಿಜಿಯನ್ನು ಬಸ್ಸು ಎಂದುಕೊಳ್ಳಿ. ಬಸ್ಸಿನಲ್ಲಿ ಕೂತವರು ಕೆಲಸ ಮಾಡುವುದಿಲ್ಲ, ಇಳಿದು ನಡೆಯುವ ಬೆರಳೆಣಿಕೆಯವರು ಮಾತ್ರ ಮಾಡುತ್ತಾರೆ. ಒಟ್ಟು ಟಿ4 ಪರೀಕ್ಷೆ ಬಸ್ಸಿನವರನ್ನೂ ನಡೆಯುವವರನ್ನೂ ಒಟ್ಟಿಗೆ ಎಣಿಸುತ್ತದೆ. ಟೆಸ್ಟೋಸ್ಟೆರಾನ್ ಟಿಬಿಜಿಯನ್ನು ತಗ್ಗಿಸುತ್ತದೆ, ಅಂದರೆ ಬಸ್ಸುಗಳನ್ನೇ ಕಡಿಮೆ ಮಾಡುತ್ತದೆ. ಒಟ್ಟು ಲೆಕ್ಕ ಇಳಿಯುತ್ತದೆ, ಊರಿನ ಕೆಲಸ ನಿಲ್ಲುವುದಿಲ್ಲ. ಗರ್ಭಿಣಿಯರಲ್ಲಿ ಇದರ ತಿರುಗುಮುರುಗು: ಈಸ್ಟ್ರೋಜನ್ ಬಸ್ಸುಗಳನ್ನು ಹೆಚ್ಚಿಸುತ್ತದೆ, ಒಟ್ಟು ಟಿ4 ಏರುತ್ತದೆ. ಹಾಗಾಗಿ ನಿಮ್ಮ 74, 4.5 ಎರಡಕ್ಕೂ ಇಂಜೆಕ್ಷನ್ ಒಂದೇ ಸಾಕಷ್ಟು ಕಾರಣ. ನಮ್ಮಲ್ಲಿ ಅಗ್ಗದ ಪ್ಯಾಕೇಜುಗಳಲ್ಲಿ ಇಂದಿಗೂ ಒಟ್ಟು ಟಿ3, ಟಿ4 ಅಳೆಯುವುದೇ ರೂಢಿ, ನಿಮ್ಮಂಥವರಿಗೆ ಅದರಿಂದ ಗೊಂದಲವೇ ಜಾಸ್ತಿ. ನಡೆಯುವವರನ್ನಷ್ಟೇ ಎಣಿಸುವ ಎಫ್‌ಟಿ4 ಮಾಡಿಸಿ.

ಆದರೆ ಟಿಎಸ್‌ಎಚ್ 6.1ಕ್ಕೆ ಈ ವಿವರಣೆ ಹೊಂದುವುದಿಲ್ಲ. ಬಸ್ಸು ಕಡಿಮೆಯಾದ ಮಾತ್ರಕ್ಕೆ ಟಿಎಸ್‌ಎಚ್ ಏರಬಾರದು. ಸಂಜೆ ರಕ್ತ ಕೊಟ್ಟದ್ದರಿಂದ ಏರಿತೇ ಎಂದರೆ ಅದೂ ಅಲ್ಲ, ಟಿಎಸ್‌ಎಚ್ ರಾತ್ರಿ ಏರಿ ಹಗಲಿಗೆ ಇಳಿಯುವಂಥದ್ದು. ಬೆಳಗ್ಗೆ ಕೊಟ್ಟಿದ್ದರೆ ಇನ್ನಷ್ಟು ಹೆಚ್ಚೇ ಬರುತ್ತಿತ್ತೇನೋ. ಆದ್ದರಿಂದ ಮೂರೂ ಸಂಖ್ಯೆಗಳು ಒಂದೇ ಕಡೆಗೆ ಕೈ ತೋರಿಸುತ್ತಿಲ್ಲ. ಎರಡು ಟೆಸ್ಟೋಸ್ಟೆರಾನ್‌ನ ನೆರಳು, ಒಂದು ನಿಜವಾದ ಪ್ರಶ್ನೆ.

ಎಲ್‌ಎಚ್ ಕೇಳಿದ್ದು ಏಕೆಂದರೆ, ಮೊದಲೇ ಎಲ್‌ಎಚ್ ತಗ್ಗಿದ್ದು ಟೆಸ್ಟೋಸ್ಟೆರಾನ್ ಕೂಡ ಕಡಿಮೆ ಇದ್ದಿದ್ದರೆ ಪಿಟ್ಯುಟರಿಯ ಮೇಲೆಯೇ ಅನುಮಾನ. ಅಂಥವರಲ್ಲಿ ಟಿಎಸ್‌ಎಚ್ ನಂಬುವಂತಿಲ್ಲ, ಥೈರಾಯ್ಡ್ ಮಾತ್ರೆ ಕೊಡುವ ಮೊದಲು ಅಡ್ರಿನಲ್ ಗ್ರಂಥಿಯ ಹಾರ್ಮೋನ್ ಕಾರ್ಟಿಸಾಲ್ ಕೂಡ ನೋಡಬೇಕಾಗುತ್ತದೆ. ನಿಮ್ಮ 24, ಪಿಟ್ಯುಟರಿ ಆಗ ಕೂಗಿ ಕರೆಯುತ್ತಿತ್ತು, ಓಗೊಡದಿದ್ದದ್ದು ವೃಷಣ ಎಂದು ಹೇಳುತ್ತದೆ. ಈಗ ಎಲ್‌ಎಚ್ ಅಳೆದು ಪ್ರಯೋಜನವಿಲ್ಲ, ಇಂಜೆಕ್ಷನ್ ಅದನ್ನು ಅದುಮಿರುತ್ತದೆ.

100 ಮೈಕ್ರೋಗ್ರಾಂ ಬಗ್ಗೆ: ಥೈರಾಯ್ಡ್ ಸಂಪೂರ್ಣ ನಿಂತವರಿಗೆ ಕೆ.ಜಿ.ಗೆ ದಿನಕ್ಕೆ 1.6 ಮೈಕ್ರೋಗ್ರಾಂ ಲೆಕ್ಕ, ಅದು ಪೂರ್ತಿ ಡೋಸ್; ನಿಮ್ಮ ತೂಕ 72. ನಿಮಗೆ ಗುಣಾಕಾರ ನಾನು ಕಲಿಸಬೇಕಿಲ್ಲ.

ಮೆಲ್ಬರ್ನ್ ಕನ್ನಡಿಗ (ಜೂನ್ 10)

ಹೊರದೇಶದಿಂದ ಓದುವವರಿಗೆ ಒಂದು ಸೂಚನೆ. ಇಲ್ಲಿ ಟೆಸ್ಟೋಸ್ಟೆರಾನ್ ಅನ್ನು ನ್ಯಾನೊಮೋಲ್ ಲೆಕ್ಕದಲ್ಲಿ ಕೊಡುತ್ತಾರೆ. ಮೇಲಿನ ಟೆಸ್ಟೋಸ್ಟೆರಾನ್ ಸಂಖ್ಯೆಗಳನ್ನು 28.85ರಿಂದ ಭಾಗಿಸಿ. 1180 ಎಂದರೆ ಸುಮಾರು 41. ನಾನು ಮೊದಲ ಸಲ 14 ಎಂದು ನೋಡಿ ಗಾಬರಿಯಾಗಿದ್ದೆ.

ತುಂಗಾತೀರ (ಜೂನ್ 11)

ನನ್ನದು ಇದರ ಉಲ್ಟಾ ಕಥೆ. 2 ವರ್ಷದ ಹಿಂದೆ ಟೆಸ್ಟೋಸ್ಟೆರಾನ್ 235 ಬಂತು, ಒಂದು ಕ್ಲಿನಿಕ್‌ನಲ್ಲಿ ಅಂದೇ ಇಂಜೆಕ್ಷನ್ ಕೊಡಲು ಸಿದ್ಧರಾಗಿದ್ದರು. ಹೆಂಡತಿ ಹಟ ಹಿಡಿದು ಇನ್ನೊಬ್ಬ ವೈದ್ಯರ ಬಳಿ ಕರೆದೊಯ್ದಳು. ಟಿಎಸ್‌ಎಚ್ 38! ಇಂಜೆಕ್ಷನ್ ಇಲ್ಲ, ಬರೀ ಲೆವೊಥೈರಾಕ್ಸಿನ್ ಎಂಬ ಥೈರಾಯ್ಡ್ ಮಾತ್ರೆ. ಆರು ತಿಂಗಳಲ್ಲಿ ಟೆಸ್ಟೋಸ್ಟೆರಾನ್ 420 ಆಯಿತು. ಅಂದೇ ಚುಚ್ಚಿಸಿಕೊಂಡಿದ್ದರೆ ವೀರ್ಯಾಣು ಉತ್ಪತ್ತಿ ಕುಸಿಯುತ್ತಿತ್ತು ಎಂದು ಆಮೇಲೆ ತಿಳಿಯಿತು. ಈಗ ಮಗಳಿಗೆ ಐದು ತಿಂಗಳು.

ಹಳೇ ಲ್ಯಾಬಿನವ (ಜೂನ್ 11)

ನಿಮ್ಮ ಹೆಂಡತಿಗೆ ನನ್ನ ನಮಸ್ಕಾರ ತಿಳಿಸಿ. ಟೆಸ್ಟೋಸ್ಟೆರಾನ್‌ಗೂ ಇಂಥದ್ದೇ ಒಂದು ಬಸ್ಸಿದೆ, ಎಸ್‌ಎಚ್‌ಬಿಜಿ. ಥೈರಾಯ್ಡ್ ಕುಂದಿದರೆ ಅದು ಇಳಿಯುತ್ತದೆ, ಒಟ್ಟು ಟೆಸ್ಟೋಸ್ಟೆರಾನ್ ಕಡಿಮೆ ಕಾಣುತ್ತದೆ. ಥೈರಾಯ್ಡ್ ಅತಿಯಾದರೆ ಅದು ಏರಿ, ಒಟ್ಟು ಸಂಖ್ಯೆ ಬಹಳ ಚೆನ್ನಾಗಿ ಕಾಣುತ್ತದೆ, ಮೈಗೆ ಸಿಗುವುದು ಅಷ್ಟಿರುವುದಿಲ್ಲ. ಥೈರಾಯ್ಡ್ ತೀರಾ ಕುಂದಿದಾಗ ಪ್ರೊಲ್ಯಾಕ್ಟಿನ್ ಎಂಬ ಇನ್ನೊಂದು ಹಾರ್ಮೋನ್ ಏರುವುದೂ ಉಂಟು, ಅದೂ ಟೆಸ್ಟೋಸ್ಟೆರಾನ್ ಅನ್ನು ತಗ್ಗಿಸುತ್ತದೆ.

ದಾವಣಗೆರೆ ಮೇಷ್ಟ್ರು (ಜುಲೈ 27)

ಮಾತ್ರೆ ಶುರು ಮಾಡಲಿಲ್ಲ. ನೀವು ಹೇಳಿದಂತೆ ಜುಲೈ 15ರ ಇಂಜೆಕ್ಷನ್ ಆದ ಹತ್ತನೇ ದಿನ, ಬೆಳಗ್ಗೆ ಎಂಟಕ್ಕೆ, ಖಾಲಿ ಹೊಟ್ಟೆಯಲ್ಲಿ ರಕ್ತ ಕೊಟ್ಟೆ. ಈಗ ಇನ್ನೂ ದೊಡ್ಡ ತಲೆನೋವು.

ಟಿಎಸ್‌ಎಚ್ 0.3
ಎಫ್‌ಟಿ4 2.1 (0.9–1.7)
ಟೆಸ್ಟೋಸ್ಟೆರಾನ್ 1010
ಪಿಸಿವಿ 50.4

ಏಳು ವಾರದಲ್ಲಿ ಥೈರಾಯ್ಡ್ ಮಲಗಿದ್ದದ್ದು ಎದ್ದು ಓಡತೊಡಗಿತೇ? ಇದೇ ಪ್ರಯೋಗಾಲಯದಲ್ಲಿ ಹಿಂದಿನದೂ ಆಗಿತ್ತು.

ಬೆಳಗಾವಿ ಜಿಮ್ (ಜುಲೈ 27)

ರಿವರ್ಸ್ ಟಿ3 ಮಾಡಿಸಿ ಸರ್, ಎಲ್ಲಾ ಅದರಲ್ಲೇ ಗೊತ್ತಾಗುತ್ತದೆ.

ಹಳೇ ಲ್ಯಾಬಿನವ (ಜುಲೈ 27)

ಗೊತ್ತಾಗುವುದು ಜೇಬು ಎಷ್ಟು ಹಗುರವಾಯಿತು ಎಂಬುದಷ್ಟೇ.

ಮೇಷ್ಟ್ರೇ, ಎದೆ ಬಡಿತ ಹೆಚ್ಚಿದೆಯೇ? ಕೈ ನಡುಗುತ್ತದೆಯೇ? ತೂಕ ಇಳಿದಿದೆಯೇ? ಸೆಖೆ ತಡೆಯುವುದಿಲ್ಲವೇ? ಒಂದೂ ಇಲ್ಲದಿದ್ದರೆ ಇನ್ನೊಂದು ಪ್ರಶ್ನೆ: ಜೂನ್‌ನಿಂದ ಈಚೆಗೆ ಹೊಸದಾಗಿ ಏನು ನುಂಗುತ್ತಿದ್ದೀರಿ? ಆಯುರ್ವೇದ, ಟಾನಿಕ್, ಪುಡಿ, ಏನೇ ಇರಲಿ. ಅಂಗಡಿಯವರು 'ಬರೀ ವಿಟಮಿನ್' ಎಂದು ಕೊಟ್ಟದ್ದನ್ನೂ ಬರೆಯಿರಿ.

ದಾವಣಗೆರೆ ಮೇಷ್ಟ್ರು (ಜುಲೈ 28)

ಯಾವ ಲಕ್ಷಣವೂ ಇಲ್ಲ. ಚಳಿ ಮೊದಲಿನಂತೆಯೇ ಇದೆ. ಹೊಸದು ಎಂದರೆ ಕೂದಲಿಗೆ ಬಯೋಟಿನ್ 10 ಮಿಲಿಗ್ರಾಂ, ದಿನಕ್ಕೊಂದು. ರಕ್ತ ಕೊಡುವ ದಿನವೂ ಬೆಳಗ್ಗೆ ಆರೂವರೆಗೆ ನೀರಿನೊಂದಿಗೆ ತೆಗೆದುಕೊಂಡೆ. ಅದು ಆಹಾರವಲ್ಲವಲ್ಲ ಎಂದುಕೊಂಡೆ.

ಹಳೇ ಲ್ಯಾಬಿನವ (ಜುಲೈ 28)

ಸಿಕ್ಕಿತು.

ದೇಹಕ್ಕೆ ದಿನಕ್ಕೆ ಬೇಕಾದ ಬಯೋಟಿನ್ ಸುಮಾರು 30 ಮೈಕ್ರೋಗ್ರಾಂ. ನೀವು ನುಂಗುತ್ತಿರುವುದು ಅದರ ಮುನ್ನೂರು ಪಟ್ಟಿಗೂ ಹೆಚ್ಚು. ಅದರಿಂದ ಥೈರಾಯ್ಡ್‌ಗೆ ಏನೂ ಆಗಿಲ್ಲ, ಆಗಿರುವುದು ಯಂತ್ರಕ್ಕೆ. ಹಲವು ಯಂತ್ರಗಳಲ್ಲಿ ಹಾರ್ಮೋನ್ ಹಿಡಿದ ಪ್ರತಿಕಾಯವನ್ನು ಸೆಳೆದು ನಿಲ್ಲಿಸಿಕೊಳ್ಳಲು ಸ್ಟ್ರೆಪ್ಟಾವಿಡಿನ್ ಮತ್ತು ಬಯೋಟಿನ್‌ಗಳ ಗಟ್ಟಿ ನಂಟನ್ನೇ ಕೊಂಡಿಯಾಗಿ ಬಳಸುತ್ತಾರೆ. ರಕ್ತದಲ್ಲೇ ಬಯೋಟಿನ್ ತುಂಬಿದ್ದರೆ ಕೊಂಡಿಗಳೆಲ್ಲ ಅದಕ್ಕೇ ಹೋಗುತ್ತವೆ, ಕೊಂಡಿಗೆ ಸಿಕ್ಕವು ಹೊಮ್ಮಿಸುವ, ಯಂತ್ರ ಅಳೆಯುವ ಬೆಳಕು ಕಡಿಮೆಯಾಗುತ್ತದೆ. ಟಿಎಸ್‌ಎಚ್‌ನಂಥ ದೊಡ್ಡ ಅಣುವಿನ ಪರೀಕ್ಷೆಯಲ್ಲಿ ಬೆಳಕು ಕಡಿಮೆ ಎಂದರೆ ಹಾರ್ಮೋನ್ ಕಡಿಮೆ ಎಂದು ಓದುತ್ತದೆ. ಎಫ್‌ಟಿ4, ಟೆಸ್ಟೋಸ್ಟೆರಾನ್‌ನಂಥ ಪುಟ್ಟ ಅಣುಗಳಿಗೆ ಪೈಪೋಟಿಯ ವಿಧಾನ, ಅಲ್ಲಿ ಬೆಳಕು ಕಡಿಮೆ ಎಂದರೆ ಹಾರ್ಮೋನ್ ಹೆಚ್ಚು ಎಂಬ ಲೆಕ್ಕ. ಈಗ ನಿಮ್ಮ ವರದಿ ಮತ್ತೆ ನೋಡಿ. ಇಳಿಯಬೇಕಾದದ್ದು ಇಳಿದಿದೆ, ಏರಬೇಕಾದವೆರಡೂ ಏರಿವೆ. ಈ ವಿಧಾನವೇ ಇಲ್ಲದ ಪಿಸಿವಿ ಮಾತ್ರ ಸುಮ್ಮನಿದೆ.

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಈ ಬಗ್ಗೆ ಎಚ್ಚರಿಸಿದೆ. ನಿಲ್ಲಿಸಿ ಎರಡು ಮೂರು ದಿನ ಸಾಮಾನ್ಯವಾಗಿ ಸಾಕು, ನೀವು ಎರಡು ವಾರ ಬಿಟ್ಟೇ ಕೊಡಿ. ಥೈರಾಯ್ಡ್ ವಿರುದ್ಧದ ಪ್ರತಿಕಾಯ ಹುಡುಕುವ ಆಂಟಿ ಟಿಪಿಒ ಪರೀಕ್ಷೆ ಕೂಡ ಆಗಲೇ ಮಾಡಿಸಿ, ಕೆಲವು ಯಂತ್ರಗಳಲ್ಲಿ ಬಯೋಟಿನ್ ಅದನ್ನೂ ಸುಳ್ಳೇ ಹೆಚ್ಚು ತೋರಿಸುತ್ತದೆ.

ಪಿಸಿವಿ ಬಗ್ಗೆ ಜೂನ್‌ನಲ್ಲೇ ಹೇಳಬೇಕಿತ್ತು, ಮರೆತೆ. 54 ದಾಟಿದರೆ ಇಂಜೆಕ್ಷನ್ ನಿಲ್ಲಿಸಿ ಯೋಚಿಸುತ್ತಾರೆ. ನಿಮ್ಮ 52.8 ದಾಖಲಾತಿಯ ಗದ್ದಲದಲ್ಲಿ ನೀರು ಕುಡಿಯದ ದಿನದ್ದು ಇರಬಹುದು. ಗೊರಕೆ ಜೋರಾಗಿದ್ದರೆ ವೈದ್ಯರಿಗೆ ಹೇಳಿ, ನಿದ್ರೆಯಲ್ಲಿ ಉಸಿರು ಕಟ್ಟುವವರಲ್ಲೂ ಇದು ಏರುತ್ತದೆ.

ಕಾವೇರಿ ದಂಡೆ (ಜುಲೈ 29)

ನಾನು ಟ್ರಾನ್ಸ್ ಪುರುಷ, ಮೂರು ವರ್ಷದಿಂದ ಟೆಸ್ಟೋಸ್ಟೆರಾನ್ ಮೇಲಿದ್ದೇನೆ. ಗುರುತಿನ ಚೀಟಿಯಲ್ಲಿ ಹಳೆಯ ಲಿಂಗವೇ ಇದ್ದುದರಿಂದ ಪ್ರಯೋಗಾಲಯ ಹೆಂಗಸರ ಮಿತಿ ಹಾಕಿ, ಹೆಮೊಗ್ಲೋಬಿನ್ 16.2 ಅನ್ನು ದಪ್ಪಕ್ಷರದಲ್ಲಿ ಮುದ್ರಿಸಿತು. ಮನೆಯಲ್ಲಿ ಎರಡು ದಿನ ಯಾರಿಗೂ ನಿದ್ರೆಯಿಲ್ಲ. ನನ್ನ ವೈದ್ಯರು ಗಂಡಸರ ಮಿತಿ ಇಟ್ಟು ನೋಡಿ, ಸರಿಯಾಗಿದೆ ಎಂದರು. ಟಿಎಸ್‌ಎಚ್‌ಗೆ ಆ ತಾಪತ್ರಯವಿಲ್ಲ, ಇಬ್ಬರಿಗೂ ಒಂದೇ ಮಿತಿ. ಗೆಲ್ ಹಚ್ಚುವವರಿಗೆ ಇನ್ನೊಂದು ಮಾತು: ಹಚ್ಚಿದ ತೋಳಿನಿಂದಲೇ ರಕ್ತ ಕೊಡಬೇಡಿ. ಚರ್ಮದ ಮೇಲಿನದ್ದು ಸೂಜಿಗೆ ತಗುಲಿ ನನಗೊಮ್ಮೆ 2000 ದಾಟಿತ್ತು.

ದಾವಣಗೆರೆ ಮೇಷ್ಟ್ರು (ಆಗಸ್ಟ್ 22)

ಆಗಸ್ಟ್ 14ರ ವರದಿ, ಇಂಜೆಕ್ಷನ್ ಆದ ಒಂಬತ್ತನೇ ದಿನ, ಬಯೋಟಿನ್ ಬಿಟ್ಟು ಹದಿನೇಳನೇ ದಿನ:

ಟಿಎಸ್‌ಎಚ್ 6.4, ಎಫ್‌ಟಿ4 1.1, ಆಂಟಿ ಟಿಪಿಒ 182 (34ರೊಳಗೆ ಇರಬೇಕು), ಟೆಸ್ಟೋಸ್ಟೆರಾನ್ 540, ಪಿಸಿವಿ 50.1.

ಹುಬ್ಬಳ್ಳಿಯಲ್ಲಿ ಹಾರ್ಮೋನ್ ತಜ್ಞರನ್ನು ಕಂಡು ಮೂರೂ ವರದಿಗಳನ್ನು ದಿನಾಂಕ, ಗಂಟೆ, ಇಂಜೆಕ್ಷನ್ ದಿನದ ಸಮೇತ ಒಂದು ಹಾಳೆಯಲ್ಲಿ ಕೋಷ್ಟಕ ಮಾಡಿ ಕೊಟ್ಟೆ. ಅವರು ವರದಿಗಳನ್ನು ಬದಿಗಿಟ್ಟು ಆ ಹಾಳೆಯನ್ನೇ ಓದಿದರು. ಥೈರಾಯ್ಡ್ ಮೇಲೆ ನನ್ನ ದೇಹದ್ದೇ ಪ್ರತಿಕಾಯಗಳ ದಾಳಿ ನಿಧಾನವಾಗಿ ನಡೆದಿದೆಯಂತೆ, ಗ್ರಂಥಿ ಇನ್ನೂ ಸಂಭಾಳಿಸಿಕೊಳ್ಳುತ್ತಿದೆ. ಈಗಲೇ ಮಾತ್ರೆ ಬೇಡ, ಮೂರು ತಿಂಗಳಿಗೆ ಮತ್ತೆ ನೋಡೋಣ, ಟಿಎಸ್‌ಎಚ್ 10ರತ್ತ ಹೋದರೆ ಅಥವಾ ಎಫ್‌ಟಿ4 ಇಳಿದರೆ ಸಣ್ಣ ಡೋಸ್‌ನಿಂದ ಶುರು ಮಾಡೋಣ ಎಂದರು. ಶುರು ಮಾಡಿದರೂ ಆರು ವಾರದ ಮೊದಲು ಟಿಎಸ್‌ಎಚ್ ಅಳೆಯಬಾರದಂತೆ.

ಸುಸ್ತಿನ ಬಗ್ಗೆ ನೀವು ಹೇಳಿದ ಮೇಲೆ ದಿನಚರಿ ಬರೆದಿದ್ದೆ. ಹದಿನೈದನೇ ದಿನದಿಂದ ಇಪ್ಪತ್ತೊಂದರವರೆಗೆ ಪ್ರತಿ ಸಲವೂ ಒಂದೇ ಪಾಡು. ಅದನ್ನು ನೋಡಿ, 250 ಮೂರು ವಾರಕ್ಕೊಮ್ಮೆ ಇದ್ದದ್ದನ್ನು 125 ಹತ್ತು ದಿನಕ್ಕೊಮ್ಮೆ ಮಾಡಿದ್ದಾರೆ. ಮೊದಲನೆಯದು ಇಂದು ಬೆಳಗ್ಗೆ ಆಯಿತು.

ಬಯೋಟಿನ್ ಡಬ್ಬಿಯಲ್ಲಿ ಇನ್ನೂ ನಲವತ್ತು ಮಾತ್ರೆ ಉಳಿದಿವೆ. ನಿನ್ನೆ ತಂಗಿ ಬಂದು ತನಗೆ ಕೊಡು ಎಂದಳು. ಅವಳಿಗೆ ಸೋಮವಾರ ಥೈರಾಯ್ಡ್ ಪರೀಕ್ಷೆ ಇದೆಯಂತೆ. ಕೊಡಲಿಲ್ಲ, ಜಿಪುಣ ಎಂದು ಬೈದು ಹೋದಳು.

ಹಳೇ ಲ್ಯಾಬಿನವ (ಆಗಸ್ಟ್ 22)

ಸೋಮವಾರ ಸಂಜೆ ಕೊಡಿ.