ಅಪ್‌ಡೇಟ್: ಹುಲಿವೇಷದ ಟೋಪಿ ರೆಡಿ

ಮಗನ ಬರ್ತ್‌ಡೇಗೆ ಬರುವ ಮಕ್ಕಳಿಗೆಲ್ಲ ಹುಲಿವೇಷದ ಟೋಪಿ ಬೇಕು, ಖರ್ಚು ಜಾಸ್ತಿ ಆಗಬಾರದು ಅಂತ ಕೇಳಿದ್ದೆ ಅಲ್ವಾ? ಅಡಿಕೆ ಹಾಳೆಯ (ಅಡಿಕೆ ಗರಿಯ ಬುಡದ ಅಗಲ ಭಾಗ) ಐಡಿಯಾ ಕೊಟ್ಟವರಿಗೆ ದೊಡ್ಡ ನಮಸ್ಕಾರ. ಪುತ್ತೂರಿನ ಅತ್ತೆ ಮನೆ ತೋಟದಲ್ಲಿ ಸುಮ್ನೆ ಬಿದ್ದಿದ್ದನ್ನೇ ತಂದೆವು. ರಾತ್ರಿಯಿಡೀ ನೀರಲ್ಲಿ ನೆನೆಸಿದರೆ ಚರ್ಮದ ಹಾಗೆ ಮೆತ್ತಗಾಗುತ್ತದೆ. ಆಮೇಲೆ ಮುಟ್ಟಾಳೆಯ (ತುಳುನಾಡಿನ ಹಾಳೆ ಟೋಪಿ) ಹಾಗೆ ಎರಡೂ ತುದಿ ಮಡಚಿ, ದಬ್ಬಣದಲ್ಲಿ ದಪ್ಪ ನೂಲು ಹಾಕಿ ಹೊಲಿದು, ಕವುಚಿಟ್ಟ ಪಾತ್ರೆಯ ಮೇಲೆ ಒಣಗಿಸಿದರೆ ಆಕಾರ ಗಟ್ಟಿ ನಿಲ್ಲುತ್ತದೆ. ಪೂರ್ತಿ ಒಣಗಿದ ಮೇಲೆ ಹಳದಿ ಅಕ್ರಿಲಿಕ್, ಅದರ ಮೇಲೆ ಕಪ್ಪು ಪಟ್ಟೆ. ಕಿವಿಗೆ ಹಳೇ ರಟ್ಟು, ಗಮ್ ನಂಬಬೇಡಿ, ಹೊಲಿಯಿರಿ. ಹುಲಿ ಕುಣಿತಕ್ಕೆ ಬಾರಿಸುವ ತಾಸೆ ವಾದ್ಯದ ಸದ್ದು ಮೊಬೈಲಲ್ಲಿ ಹಾಕಿದ್ದೇ ತಡ, ಕೇಕ್ ಯಾರಿಗೂ ಬೇಡವಾಯಿತು! ಸ್ವಲ್ಪ ಹಾಳೆ ಉಳಿದಿದೆ, ಮಂಗಳೂರಲ್ಲಿ ಯಾರಿಗಾದರೂ ಬೇಕಿದ್ದರೆ ಹೇಳಿ.